ಮಾದಮ್ಮನ ಜಾಗದಲ್ಲಿ ಕೂತವಳು

ಐದನೇ ತರಗತಿಯ ಮೊದಲ ಸಾಲಿನಲ್ಲಿ ಎದ್ದು ನಿಂತ ಹುಡುಗಿಗೆ ಮೇಲಿನ ಮುಂದಿನ ಹಲ್ಲು ಎರಡೂ ಇರಲಿಲ್ಲ. ಒಂದು ಬಿದ್ದು ಸ್ವಲ್ಪ ಕಾಲವಾಗಿರಬೇಕು. ಅಲ್ಲಿ ಹೊಸ ಹಲ್ಲಿನ ಗರಗಸದಂಥ ಅಂಚು ಕಾಣುತ್ತಿತ್ತು. ಇನ್ನೊಂದು ಇತ್ತೀಚಿನದು, ಆ ಜಾಗ ಇನ್ನೂ ಕೆಂಪಗಿತ್ತು. ಉಪಾಧ್ಯಾಯಿನಿ "ಮಾದಮ್ಮ" ಎಂದು ಕೂಗಿದಾಗ ಅವಳು ತಮಿಳು ಶಾಲೆಯ ವಾಡಿಕೆಯಂತೆ "ಉಳ್ಳೇನ್ ಅಮ್ಮಾ" ಎಂದು ಹಾಜರಿ ಹೇಳಿದಳು. ಹೇಳಿ, ಸರಿಯಾಯಿತೇ ಎಂದು ಕಿಟಕಿಯ ಕಡೆ ನೋಡಿದಳು.

ಹಾಲುಹಲ್ಲು ಉದುರುವ ವಯಸ್ಸು ಯಾವುದೆಂದು ತಿಳಿಯುವುದಕ್ಕೆ ವಿಶ್ವವಿದ್ಯಾಲಯದ ಪದವಿ ಬೇಕಿಲ್ಲ. ಐದನೇ ತರಗತಿಯ ಹುಡುಗಿಗೆ ಆ ಹಲ್ಲುಗಳು ಬಂದು ಗಟ್ಟಿಯಾಗಿರಬೇಕು. ಆದರೂ ನಾನು ಮುಂದಿನ ಹೆಸರು ಕೂಗಲು ಸನ್ನೆ ಮಾಡಿದೆ.

ಆಗ ನಾನು ಸೇಲಂ ಜಿಲ್ಲೆಯ ಹೆಣ್ಣುಮಕ್ಕಳ ಶಾಲೆಗಳಿಗೆ ಕಿರಿಯ ಇನ್‌ಸ್ಪೆಕ್ಟ್ರೆಸ್ ಆಗಿದ್ದೆ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಂಗವಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಹೋಗಬೇಕಾದ ಒಂದು ಹಳ್ಳಿಯ ಶಾಲೆ ಅದು. ಮೆಟ್ಟೂರಿನಲ್ಲಿ ಅಣೆಕಟ್ಟು ಎದ್ದು ಕಾವೇರಿ ಹಿಂದಕ್ಕೆ ಹರಡಿಕೊಂಡಾಗ ನದಿಯ ಪಕ್ಕದ ಊರು ಬಿಟ್ಟು ಬಂದ ಕನ್ನಡದ ಒಕ್ಕಲು ಮನೆಗಳೇ ಅಲ್ಲಿ ಹೆಚ್ಚು. ಪಾಠ ತಮಿಳಿನಲ್ಲಿ, ಮನೆಮಾತು ಕನ್ನಡ. ನನ್ನ ಮನೆಮಾತೂ ಅದೇ, ಧರ್ಮಪುರಿಯದು. ಆದರೆ ಕಚೇರಿಯ ಕೆಲಸವೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಬಂದ ಗಳಿಗೆಯಿಂದ ತಮಿಳನ್ನೇ ಆಡಿದ್ದೆ. ಕೇಳದೆ ನನ್ನ ಮನೆಯ ವಿಷಯ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ.

ಆ ದಿನದ ತನಿಖೆ ಮುಖ್ಯವಾಗಿ ಐದನೇ ತರಗತಿಗಾಗಿ. ಅದಕ್ಕೆ ಒಂದು ವರ್ಷದ ಮಟ್ಟಿಗೆ ಮಾತ್ರ ಒಪ್ಪಿಗೆ ಸಿಕ್ಕಿತ್ತು. ಹುಡುಗಿಯರು ಬರುತ್ತಾರೆ, ಕಲಿಯುತ್ತಾರೆ ಎಂದು ನಾನು ಬರೆದರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಮುಚ್ಚಿದರೆ ಆ ಹುಡುಗಿಯರ ಓದು ನಾಲ್ಕಕ್ಕೇ ನಿಲ್ಲುತ್ತದೆ. ದೊಡ್ಡ ಊರಿನ ಗಂಡುಹುಡುಗರ ಶಾಲೆಗೆ ಅವರನ್ನು ಯಾರೂ ಕಳಿಸುವುದಿಲ್ಲ. ಸೇಲಂನಲ್ಲಿ ನನ್ನ ಮೇಲಧಿಕಾರಿ, ವಯಸ್ಸಾದ ಹೆಂಗಸು, ಹೊರಡುವ ಮೊದಲು ಎಚ್ಚರಿಸಿದ್ದರು: "ತನಿಖೆಯ ದಿನ ಎಷ್ಟು ಮಕ್ಕಳು ಕೂತಿದ್ದಾರೆ, ಅದನ್ನು ಬರಿ. ಮರುಕವನ್ನು ವರದಿಯಲ್ಲಿ ಸೇರಿಸಬೇಡ."

ಹಾಜರಿ ಮುಗಿಯಿತು. ಐದನೇ ತರಗತಿಯ ಒಂದು ಜಾಗವೂ ಖಾಲಿ ಇರಲಿಲ್ಲ. ಒಬ್ಬಳ ಸೊಂಟದ ಮೇಲೆ ಕೂಸಿತ್ತು. ಇನ್ನೊಬ್ಬಳು ಕಾಲುಂಗುರ ತೊಟ್ಟ ಮದುವೆಯಾದ ಹೆಣ್ಣು. ಪುಸ್ತಕದ ಮೇಲೆ ನಾಚಿಕೆಯಿಂದ ಸೆರಗು ಹೊದೆಸಿ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಹೆಣ್ಣುಮಕ್ಕಳ ಪಾವಡೆ ಉಟ್ಟು ಜಡೆಗೆ ಕನಕಾಂಬರ ಮುಡಿದಿದ್ದವನು, ದೇವರಿಗೆ ಮುಡಿ ಕೊಡುವ ಹರಕೆಗಾಗಿ ಕೂದಲು ಬಿಟ್ಟಿದ್ದ ಹುಡುಗ. ಬೇಸರವಾದಾಗ ಪಾವಡೆಯನ್ನು ಮೊಣಕಾಲಿನ ಮೇಲಕ್ಕೆ ಮಡಿಸಿ ಕಟ್ಟಿದ್ದರಿಂದ ಹುಡುಗನೆಂದು ತಿಳಿಯಿತು.

ತನಿಖೆಗೆ ಒಂದು ಕ್ರಮ ಇದೆ. ಹಾಜರಿ, ಕಟ್ಟಡ, ಕುಡಿಯುವ ನೀರು, ಹೊಲಿಗೆ, ಆಮೇಲೆ ಓದು ಮತ್ತು ಲೆಕ್ಕ. ಕ್ರಮ ತಪ್ಪಿಸಿದರೆ ನನಗೆ ಕೈಕಾಲು ಆಡುವುದಿಲ್ಲ. ಹೆಂಚಿನ ಸೂರು ನೋಡಿದೆ, ನೀರಿನ ಮಡಕೆಗೆ ಮುಚ್ಚಳ ಇದೆಯೇ ನೋಡಿದೆ. ಅಷ್ಟು ಹೊತ್ತೂ ಕಿಟಕಿಯ ಸರಳುಗಳ ಆಚೆ ಒಂದು ಹಿಂಡು ಹೆಂಗಸರು ನಿಂತು ನನಗೆ ತಿಳಿಯದೆಂದುಕೊಂಡ ಕನ್ನಡದಲ್ಲಿ ಮಾತಾಡುತ್ತಿದ್ದರು.

"ದೊರೆಸಾನಿ ಅಂದ್ರಲ್ಲ, ಬಿಳೇ ಎಂಗ್ಸು ಬತ್ತಾಳೆ ಅಂದ್ಕಂಡಿದ್ದೆ. ಇವ್ಳು ನಮ್ ಮನೆ ಸೊಸೆ ತರ ಅವ್ಳೆ."

"ಸೊಸೆನಾ? ಕತ್ತು ನೋಡು, ತಾಳಿ ಇಲ್ಲ."

"ಓದಿ ಓದಿ ಒಣಗ್ ಓಗವ್ಳೆ. ಯಾರೂ ಒಟ್ಟೆ ತುಂಬ ಸೋರು ಆಕಿಲ್ವೇನೋ."

"ಸುಮ್ನಿರ್ಲೇ, ಕೇಳಿಸ್ತದೆ."

"ಕೇಳ್ಸಿದ್ರೇನು? ತಮಿಳ್ನೋಳು."

ಕೊನೆಯ ದನಿ ಗುಂಪಿನ ಮುಂದೆ ನಿಂತಿದ್ದ ಅಜ್ಜಿಯದು. ಎತ್ತರದ, ನೆಟ್ಟಗಿನ ಮೈಯವಳು. ಒಂದು ಮೊಣಕಾಲಿಗೆ ಬಟ್ಟೆ ಸುತ್ತಿದ್ದಳು. ಹಲ್ಲಿಲ್ಲದ ಹುಡುಗಿಗೆ ಹೊರಗಿನಿಂದ ನಿರ್ದೇಶನ ಕೊಡುತ್ತಿದ್ದವಳು ಅವಳೇ.

ಓದಿಸುವ ಸರದಿ ಬಂತು. ಐದನೇ ಪಾಠಪುಸ್ತಕ ತೆರೆದು ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಬಹಳ ಗೌರವದಿಂದ ಹಿಡಿದು, ಚಿತ್ರವಿಲ್ಲದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಿಟಕಿಗೆ ತಿರುಗಿದಳು.

"ಅಜ್ಜಿ, ಈ ಪುಸ್ತಕ ನಂದಲ್ಲ."

"ಇವತ್ತು ನಿಂದೇ ಕಣೆ! ಏನಾನಾ ಏಳು. ಬಾಯ್ ಬಿಡು."

"ಅಲ್ಲು ಬಿದ್ದಿರೋದು ಕಾಣ್ತದೆ."

"ಕಾಣ್ಲಿ ಬಿಡು, ಅದ್ಕೇನು ತೆರಿಗೆನಾ?"

ಹುಡುಗಿ ಪುಸ್ತಕ ಮುಚ್ಚಿ, ಕೈ ಕಟ್ಟಿ, ತನಗೆ ಗೊತ್ತಿದ್ದುದನ್ನು ಹೇಳಿದಳು: ಒಂದರಿಂದ ಹತ್ತರವರೆಗೆ ಎಣಿಕೆ, ಮತ್ತೆ ಹತ್ತರಿಂದ ಒಂದಕ್ಕೆ. ತಪ್ಪಿರಲಿಲ್ಲ. ಮೂಲೆಯಲ್ಲಿ ಉಪಾಧ್ಯಾಯಿನಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನಡುವಯಸ್ಸಿನ ವಿಧವೆ, ಈ ತರಗತಿಗಾಗಿ ಮನೆಮನೆ ತಿರುಗಿದವರು ಅವರೇ ಎಂದು ಕೇಳಿದ್ದೆ. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದರು.

ನಾನು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ, ಕನ್ನಡದಲ್ಲಿ ಹೇಳಿದೆ: "ಅಜ್ಜಿ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಬಂದು ಕೂತುಕೊಳ್ಳಿ. ಮಾದಮ್ಮ ಎಲ್ಲಿ ಅಂತ ನಿಮ್ಮನ್ನೇ ಕೇಳಬೇಕು."

ಸರಳು ಹಿಡಿದಿದ್ದ ಕೈಗಳೆಲ್ಲ ಹಿಂದಕ್ಕೆ ಹೋದವು. ಆಮೇಲೆ ಯಾರೋ "ಅಯ್ಯೋ, ಬೆಳಗಿಂದ ಎಲ್ಲಾ ಕೇಳಿಸ್ಕಂಡವ್ಳೆ ಕಣ್ರಲೇ!" ಎಂದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ದಿಕ್ಕಾಪಾಲಾಗಿ ಓಡಿದರು. ಅಜ್ಜಿಗೆ ಮೊಣಕಾಲಿನ ನೋವು, ಓಡಲಾರಳು. ಓಡುವ ಇಚ್ಛೆಯೂ ಕಾಣಲಿಲ್ಲ. ಬಾಗಿಲು ಸುತ್ತಿ ಬಂದು ಚಾಪೆಯ ಮೇಲೆ ಕಾಲು ನೀಡಿ ಕೂತಳು.

"ಮುಂಚೇನೇ ಏಳ್ಬಾರ್ದಾ ತಾಯಿ? ಸೋರಿನ ಮಾತು ಮನ್ಸಿಗ್ ಆಕ್ಕಬೇಡ. ಮದ್ಯಾನ ನಮ್ ಮನೇಲೇ ಉಣ್ಣು."

"ಮಾದಮ್ಮ ಎಲ್ಲಿ?"

"ಊರಿಗ್ ಓಗವ್ಳೆ."

"ಇದು ಊರಲ್ಲವೇ?"

"ಇದು ನಾವಿರೋ ಜಾಗ. ಊರು ನೀರೊಳಗೈತೆ. ಈ ಪಂಗುನಿ ತಿಂಗ್ಳಲ್ಲಿ ನೀರು ಇಳದೈತೆ, ಮನೆ ಅಡಿಪಾಯ ಕಾಣ್ತೈತೆ ಅಂತ ಮೀನು ಇಡಿಯೋರು ಬಂದು ಏಳುದ್ರು. ಮನೆ ಕಾಯೋರು, ಸಣ್ಮಕ್ಳು ಬಿಟ್ಟು ಎಲ್ಲಾರೂ ಗಾಡಿ ಕಟ್ಕಂಡು ಓದ್ರು. ಅಲ್ಲೇ ಅಡ್ಗೆ, ಅಲ್ಲೇ ಮನಗೋದು. ದೇವ್ರಿಗೆ ಪೊಂಗಲ್ ಇಕ್ಕಿ ಬತ್ತಾರೆ."

"ಶಾಲೆ ನಡೆಯುವಾಗ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ರಜೆ ಕೇಳಿದರೇ?"

"ಯಾರ್ನ ಕೇಳೋದು? ರಜ ಕೊಡೋದು ಒಳೆ. ಅದು ನಿನ್ ತನಿಖೆ ಯಾವತ್ತು ಅಂತ ಕೇಳ್ಬುಟ್ಟು ಇಳಿತದಾ?"

ಹಾಜರಿ ಕೂಗಿದ ಮೇಲೆ ಉಪಾಧ್ಯಾಯಿನಿ ಮೊದಲ ಸಲ ಬಾಯಿ ತೆರೆದರು. "ನಾನು ಒಂದೊಂದು ಮನೆಗೂ ಹೋಗಿ ಕೈಮುಗಿದು ಕೇಳಿಕೊಂಡೆ, ಅಮ್ಮಾ. ತನಿಖೆಯ ದಿನ ಮಾತ್ರ ಐದನೇ ಕ್ಲಾಸಿನ ಜಾಗ ಖಾಲಿ ಇರಬಾರದು ಅಂದೆ. ಆಗಲಿ ಅಂದರು. ಬೆಳಿಗ್ಗೆ ಬಂದು ನೋಡಿದರೆ ಇವರು. ನೀವು ಆಗಲೇ ಗಾಡಿಯಿಂದ ಇಳಿಯುತ್ತಿದ್ದಿರಿ. ಹೆಸರು ಕೂಗಿದೆ. ಆದರೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಲಿಲ್ಲ. ಕೈ ಬರಲಿಲ್ಲ."

"ಜಾಗ ಕಾಲಿ ಐತಾ?" ಎಂದಳು ಅಜ್ಜಿ, ನಿಜವಾಗಿಯೂ ಅರ್ಥವಾಗದೆ. "ಕಾಲುವೆ ಊಳು ತೆಗಿಯಕ್ಕೆ ಮನೆಗೊಂದಾಳು ಅಂತ ತಮಟೆ ಒಡೀತಾರೆ. ಗಂಡ ಇಲ್ದಿದ್ರೆ ಬಾಮೈದ ಓಗ್ತಾನೆ, ಅವ್ನೂ ಇಲ್ದಿದ್ರೆ ಅತ್ತೆ ಓಗ್ತಾಳೆ. ಮನೆ ಆಳು ಬಂತಾ, ಮುಗೀತು. ನೀನ್ಯಾಕ್ ಬಂದೆ ಅಂತ ಆಳು ಲೆಕ್ಕ ಬರ್ಯೋ ಯಾವ ಮಣಿಯಗಾರ ಕೇಳವ್ನೆ? ನಾನೂ ಅಂಗೇ ಒಂದೊಂದ್ ಮನೆಗೂ ಒಂದಾಳು ಕಳ್ಸಿದೀನಿ. ಮಾದಮ್ಮನ ಬದ್ಲು ಇವ್ಳು. ನನ್ ಮಗ್ಳ ಮಗ್ಳು. ಅವ್ರ ಹಟ್ಟೀಲಿ ಓದಕ್ಕೆ ಪಳ್ಳಿಕೂಡನೇ ಇಲ್ಲ, ಆದ್ರೂ ಅತ್ತರ ತಂಕ ಎಣಿಸ್ತಾಳೆ. ನೋಡ್ಲಿಲ್ವಾ?"

ಮೋಸವನ್ನು ಹೇಗೆ ಬರೆಯಬೇಕು ಎಂಬುದಕ್ಕೆ ನನ್ನ ಕಚೇರಿಯಲ್ಲಿ ಗೊತ್ತುಪಡಿಸಿದ ವಾಕ್ಯಗಳಿದ್ದವು. ಇದು ಮೋಸವಲ್ಲ. ಕೊಟ್ಟ ಮಾತನ್ನು ತಮಗೆ ಗೊತ್ತಿದ್ದ ರೀತಿಯಲ್ಲಿ ಉಳಿಸಿಕೊಂಡಿದ್ದರು. ಅದಕ್ಕೆ ವಾಕ್ಯ ಇರಲಿಲ್ಲ.

ಹಾಗೆಂದು ದಾರಿ ಸುಲಭವಾಗಲಿಲ್ಲ. ಈ ಮಕ್ಕಳನ್ನು ಐದನೇ ತರಗತಿ ಎಂದು ನಾನು ಬರೆಯಲಾರೆ. ಇದ್ದದ್ದನ್ನು ಇದ್ದಂತೆ ಬರೆದರೆ ತರಗತಿಯಲ್ಲಿ ಒಬ್ಬಳೂ ಇಲ್ಲ. ಮರುದಿನ ತಾರಮಂಗಲಂನಲ್ಲಿ ಇನ್ನೊಂದು ಶಾಲೆ ನನಗಾಗಿ ಕಾಯುತ್ತಿತ್ತು. ಇಲ್ಲಿಗೆ ಮತ್ತೆ ಬರುವುದು ಮುಂದಿನ ವರ್ಷವೇ. ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಹಾಜರಿ ಸುಳ್ಳಾಗಬಾರದು. ಆದರೆ ಹುಡುಗಿಯರು ಕಲಿತಿದ್ದಾರೆಯೇ ಎಂಬ ಪ್ರಶ್ನೆಗೆ ಈ ಕೋಣೆಯಲ್ಲಿ ಉತ್ತರ ಇಲ್ಲ. ಉತ್ತರ ಎಲ್ಲಿದೆಯೋ ಅಲ್ಲಿಗೆ ಹೋಗಬಾರದೆಂದು ಯಾವ ನಿಯಮದಲ್ಲೂ ನಾನು ಓದಿರಲಿಲ್ಲ.

"ನೀರಿನ ಜಾಗಕ್ಕೆ ಗಾಡಿ ಹೋಗುತ್ತದೆಯೇ?" ಎಂದು ಕೇಳಿದೆ.

ಅಜ್ಜಿಯ ಮನೆಯಲ್ಲಿ ರಾಗಿಮುದ್ದೆ, ಹುರುಳಿಸಾರು ಉಂಡು ಹೊರಟೆವು: ನಾನು, ಉಪಾಧ್ಯಾಯಿನಿ, ಅಜ್ಜಿ, ಹಲ್ಲಿಲ್ಲದ ಮೊಮ್ಮಗಳು. ಐದನೇ ತರಗತಿಯ ಪುಸ್ತಕ, ಸ್ಲೇಟು, ಬಳಪ ನನ್ನ ಮಡಿಲಲ್ಲಿದ್ದವು. ಗುಡ್ಡದ ತಿರುವು ದಾಟಿದ ಮೇಲೆ ದಾರಿ ಇಳಿಜಾರಾಯಿತು. ಮರಗಳು ನಿಂತುಹೋದವು. ಮುಂದೆ ಬೂದುಬಣ್ಣದ ಬಯಲು, ಹಂಚಿನ ಹಾಗೆ ಬಿರಿದ ಹೂಳು, ಅದರ ಕೊನೆಯಲ್ಲಿ ನೀರಿನ ಗೆರೆ. ಬಯಲಿನ ನಡುವೆ ಅಡುಗೆಯ ಹೊಗೆ ಏಳುತ್ತಿತ್ತು.

ಒಣಗಿದಂತೆ ಕಂಡ ಹೂಳಿನ ಕೆಳಗೆ ಕೆಸರಿತ್ತು. ಗಾಡಿಯ ಒಂದು ಚಕ್ರ ಅಚ್ಚಿನವರೆಗೂ ಹೂತಿತು. ಎತ್ತುಗಳು ಕೂತೇಬಿಟ್ಟವು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ. ಹೊಗೆಯ ಕಡೆಯಿಂದ ಗಂಡಸರು ಓಡಿಬಂದರು. ಮುಂದೆ ಬಂದವನು ಅಜ್ಜಿಯ ಮಗ, ಮಾದಮ್ಮನ ತಂದೆ. ಅವನು ನನ್ನನ್ನು ನೋಡಲೇ ಇಲ್ಲ.

"ಅವ್ವಾ! ನೀನು ಬರಾಕಿಲ್ಲ ಅಂದೆಯಲ್ಲ?"

"ನಾನೆಲ್ಲಿ ಬಂದೆ, ಇವ್ಳು ಕರ್ಕಂಬಂದ್ಲು. ಇಸ್ಕೂಲ್ ದೊರೆಸಾನಿ. ನಮ್ಮೋಳೇ."

ಅವನು ನನ್ನ ಕಡೆ ತಿರುಗಿ ಕೈಮುಗಿದ. "ಊರು ಬಿಟ್ಟಾಗಿಂದ ನೀರು ಇಷ್ಟು ಇಳಿದಿರ್ಲಿಲ್ಲ ಅಮ್ಮ. ಗಾಡೀಲಿ ಅವ್ವಂಗೇ ಮೊದ್ಲು ಜಾಗ ಮಾಡಿದ್ದೊ. ಮಂಡಿ ನೋವು, ಬರಲ್ಲ ಅಂದ್ಬುಟ್ಲು. ಮಂಡಿ ಅಲ್ಲ. ಐದ್ನೇ ಕ್ಲಾಸ್ನ ಯಾರಾನಾ ಕಾಯ್ಬೇಕಲ್ಲಾ ಅಂತ ನಿಂತ್ಕಂಡ್ಲು."

"ಬಾಯ್ ಮುಚ್ಕಂಡು ಎತ್ತು ಎಬ್ಬುಸ್ಲಾ," ಎಂದಳು ಅಜ್ಜಿ.

ಇಬ್ಬರು ಗಂಡಸರು ಕೈಗೆ ಕೈ ಹೆಣೆದು ಅವಳನ್ನು ಕೂರಿಸಿಕೊಂಡು ನಡೆದರು. ಮೊದಲೆಲ್ಲ ಅವರನ್ನು ಬೈಯುತ್ತಿದ್ದವಳು ಒಂದು ಕಡೆ ಬಂದಾಗ ಅವರ ಹೆಗಲು ತಟ್ಟಿ ನಿಲ್ಲಿಸಿದಳು. ಮೊಣಕಾಲೆತ್ತರದ ಕಲ್ಲಿನ ಗೆರೆಗಳು, ಒಂದು ಉದ್ದ ಹೊಸ್ತಿಲುಗಲ್ಲು, ಅದರ ಮೇಲೆ ಒಣಗಿದ ಕಪ್ಪೆಚಿಪ್ಪುಗಳು. ಅವಳು ಇಳಿದು, ಚಿಪ್ಪುಗಳನ್ನು ಸೆರಗಿನಿಂದ ಗುಡಿಸಿ, ಹೊಸ್ತಿಲು ತುಳಿಯದೆ ದಾಟಿ ಒಳಗೆ ಹೋದಳು. ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ನಾವೆಲ್ಲ ಅವಳು ಕರೆಯುವವರೆಗೆ ಹೊರಗೇ ನಿಂತೆವು.

"ಬಾ ತಾಯಿ, ಕೂತ್ಕೋ. ಇದು ಪಡಸಾಲೆ."

ಐದನೇ ತರಗತಿಯ ಹುಡುಗಿಯರು ಅಲ್ಲಲ್ಲಿಂದ ಬಂದು ಸೇರಿದರು. ಉಪಾಧ್ಯಾಯಿನಿಯನ್ನು ಕಂಡು ಅವರಿಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾದದ್ದನ್ನು ಗಮನಿಸಿದೆ. ನಿಜವಾದ ಮಾದಮ್ಮ ಕಟ್ಟುಮಸ್ತಾದ ಹುಡುಗಿ, ಎಲ್ಲ ಹಲ್ಲೂ ಇದ್ದವು. ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಕ್ರಮದಂತೆ ತೊಡಗಿದೆ. ಓದಿಸಿದೆ. ನಡುವೆ ಒಬ್ಬಳು ತಡವರಿಸಿದಳು, ಉಳಿದವರು ಚೆನ್ನಾಗಿ ಓದಿದರು. ಲೆಕ್ಕದಲ್ಲಿ ಅಳತೆಯ ಪಾಠ ಆಗಿದೆಯೆಂದು ಉಪಾಧ್ಯಾಯಿನಿ ಹೇಳಿದ್ದರಿಂದ, ಪುಸ್ತಕದ ಲೆಕ್ಕ ಬಿಟ್ಟು ಈ ಮನೆಯ ನೆಲದ ಅಳತೆ ಕೇಳಿದೆ. ಅವರು ಎತ್ತಿನ ಹಗ್ಗ ತಂದು ಮೊಳ ಹಾಕಿ, ಸ್ಲೇಟಿನ ಮೇಲೆ ಗುಣಿಸಿದರು. ಇಬ್ಬರ ಉತ್ತರ ಬೇರೆಯಾಯಿತು. ಒಬ್ಬಳು ದನದ ಕೊಟ್ಟಿಗೆಯನ್ನೂ ಸೇರಿಸಿದ್ದಳು. ಕೊಟ್ಟಿಗೆ ಮನೆಯೋ ಅಲ್ಲವೋ ಎಂದು ದೊಡ್ಡವರೆಲ್ಲ ಸೇರಿ ವಾದಕ್ಕಿಳಿದರು.

ಕೊನೆಯದು ಭೂಗೋಳ. ತಮ್ಮ ಹಳ್ಳಿಯ ನಕ್ಷೆ ಬರೆಯುವುದು ಆ ತರಗತಿಗೆ ಇಟ್ಟ ಪಾಠ. ಮಾದಮ್ಮ ಸ್ಲೇಟು ಬೇಡವೆಂದಳು. ಒಂದು ಕಡ್ಡಿ ಹಿಡಿದು ಹೂಳಿನ ಮೇಲೆ ಗೆರೆ ಎಳೆಯುತ್ತಾ ನಡೆದಳು. ಇದು ಉತ್ತರ. ಇಲ್ಲಿ ಬಾವಿ, ಹೂಳು ತುಂಬಿದೆ. ಇಲ್ಲಿ ಹುಣಸೆಮರ ಇತ್ತು, ಬುಡ ಮಾತ್ರ ಇದೆ. ಇಲ್ಲಿ ಓಣಿ.

"ನೀನು ಇಲ್ಲಿಂದ ಹೋದಾಗ ತೀರಾ ಚಿಕ್ಕವಳು. ಇದೆಲ್ಲ ಹೇಗೆ ಗೊತ್ತು?"

"ಅಜ್ಜಿ ಏಳಿದ್ಲು. ಆದ್ರೆ ಅಜ್ಜಿಗೆ ದಿಕ್ಕು ತಪ್ಪು ಅಮ್ಮ. ಬಾವಿ ಮೂಡ್ಲಾಗೈತೆ ಅಂತಿದ್ಲು. ಬಂದು ನೋಡುದ್ರೆ ಬಡಗ್ಲಾಗೈತೆ."

"ಮೂಡ್ಲಾಗೇ ಇದ್ದುದ್ದು!" ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ನೀರು ತಳ್ಳೈತೆ!"

ಎಲ್ಲರೂ ನಕ್ಕಾಗ ಆ ನಗುವಿನಲ್ಲಿ ನಾನೂ ಸೇರಿದೆ. ಹೀಗೆ ಕೆಲಸದ ಮೇಲಿದ್ದಾಗ ನಕ್ಕದ್ದು ಅದೇ ಮೊದಲು.

ಪರೀಕ್ಷೆ ಮುಗಿದ ಮೇಲೆ ಮಾದಮ್ಮನ ತಂದೆಗೆ ವಿಷಯವನ್ನು ಬಿಡಿಸಿ ಹೇಳಿದೆ. ಅವನ ಮುಖ ಇಳಿಯಿತು. "ಕ್ಲಾಸೇ ಓಗ್ಬುಡ್ತದಾ? ಅದು ಗೊತ್ತಿರ್ಲಿಲ್ಲ. ಈಗ್ಲೇ ಗಾಡಿ ಕಟ್ತೀವಿ. ನಾಳೆ ಬೆಳಿಗ್ಗೆ ಎಲ್ಲಾ ಅಲ್ಲಿರ್ತಾರೆ."

"ಪೊಂಗಲ್ ಯಾವಾಗ?"

"ನಾಳೆ ಬೆಳಿಗ್ಗೇನೇ. ಅದು ಓದ್ರೆ ಓಗ್ಲಿ."

ಅಜ್ಜಿ ಹೊಸ್ತಿಲಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

ಅವರು ಬಂದರೆ ನನ್ನ ವರದಿ ಸಲೀಸಾಗುತ್ತಿತ್ತು. ತಾರಮಂಗಲಂಗೆ ತಡವಾಗುವುದೆಂದು ಹೇಳಿಕಳಿಸಿ ತನಿಖೆಯನ್ನು ಎರಡನೇ ದಿನಕ್ಕೆ ಮುಂದುವರಿಸಬಹುದಿತ್ತು. ತುಂಬಿದ ತರಗತಿ, ಸರಿಯಾದ ಹೆಸರುಗಳು. ಯೋಚಿಸಿದೆ. ಮುಂದಿನ ಪಂಗುನಿಯಲ್ಲೂ ನೀರು ಇಳಿಯಬಹುದು, ಮುಂದಿನ ವರ್ಷವೂ ತನಿಖೆ ಇರುತ್ತದೆ. ಆಗ ಅಜ್ಜಿ ಮತ್ತೆ ಕಿಟಕಿಯ ಬಳಿ ನಿಲ್ಲುತ್ತಾಳೆ.

"ಬೇಡ," ಎಂದೆ. "ಇವತ್ತು ಬರಲಿಲ್ಲ ಅಂತಲೇ ಬರೆಯುತ್ತೇನೆ. ಇಲ್ಲಿ ಕೇಳಿದ್ದನ್ನೂ ಬರೆಯುತ್ತೇನೆ. ಆದರೆ ಒಂದು ಮಾತು ಕೊಡಬೇಕು. ಶಾಲೆಯ ದೊಡ್ಡ ರಜೆಯನ್ನು ಸ್ಥಳಕ್ಕೆ ತಕ್ಕಂತೆ ಇಟ್ಟುಕೊಳ್ಳಲು ನಿಯಮ ಇದೆ. ಬರುವ ವರ್ಷದಿಂದ ನೀರು ಇಳಿದಾಗ ಶಾಲೆ ಮುಚ್ಚಲಿ. ಅದಕ್ಕೆ ಬದಲಾಗಿ ಅದರ ಮುಂದಿನ ಚಿತ್ತಿರೆ ತಿಂಗಳಿನಲ್ಲಿ, ಕತ್ತಿರಿಯ ಸುಡುಬಿಸಿಲಿನಲ್ಲಿ, ಎಲ್ಲರೂ ಶಾಲೆಗೆ ಬರಬೇಕು. ಬದಲಿ ಆಳು ನಡೆಯುವುದಿಲ್ಲ."

"ಕತ್ತಿರೀಲೂ ಪಳ್ಳಿಕೂಡನಾ?" ಎಂದಳು ಮಾದಮ್ಮ, ಗಾಬರಿಯಿಂದ.

"ಮುಚ್ಚೇ ಬಾಯಿ," ಎಂದಳು ಅಜ್ಜಿ. "ಬೆಳಿಗ್ಗೆ ಬೇಗ ಓಗಿ ಬಿಸ್ಲೇರೋದ್ರೊಳಗೆ ಬಾ. ಊರೂ ಬೇಕು, ಕ್ಲಾಸೂ ಬೇಕು ಅಂದ್ರೆ ಬೆವರ್ಬೇಕು." ಆಮೇಲೆ ನನಗೆ, "ನಿನ್ ದೊಡ್ಡ ದೊರೆಸಾನಿ ಒಪ್ತಾಳಾ?"

"ಗೊತ್ತಿಲ್ಲ ಅಜ್ಜಿ. ನನ್ನ ಮೇಲೆ ಬೇಸರ ಪಟ್ಟುಕೊಳ್ಳಬಹುದು. ಆದರೆ ಇಲ್ಲಿಯವರೆಗೆ ಈ ತರಗತಿಗಳ ವಿಷಯದಲ್ಲಿ ನಾನು ಬರೆದದ್ದನ್ನು ತಳ್ಳಿಹಾಕಿಲ್ಲ."

ಹೊರಡುವ ಹೊತ್ತಿಗೆ ಗಂಡಸರು ಗಾಡಿಯನ್ನು ಕೆಸರಿನಿಂದ ಎತ್ತಿ ಗಟ್ಟಿ ನೆಲದಲ್ಲಿ ನಿಲ್ಲಿಸಿದ್ದರು. ಅಜ್ಜಿ ಪೊಂಗಲಿಗೆ ಅಲ್ಲೇ ಉಳಿದಳು. ನಾನು, ಉಪಾಧ್ಯಾಯಿನಿ ಗಾಡಿ ಹತ್ತಿದಾಗ ಹಲ್ಲಿಲ್ಲದ ಹುಡುಗಿಯೂ ಹತ್ತಿ ಕೂತಳು.

"ಇಳಿಯೇ," ಎಂದ ಮಾದಮ್ಮನ ತಂದೆ. "ನಾಳೆ ಬೆಲ್ಲದ ಪೊಂಗಲು."

"ನಂಗೆ ನಾಳೆ ಪಳ್ಳಿಕೂಡ ಐತೆ."

ಅವನು ನಕ್ಕು ಅವ್ವನ ಕಡೆ ನೋಡಿದ. ಅಜ್ಜಿ ಪಡಸಾಲೆಯಿಂದಲೇ ಹೇಳಿದಳು: "ಓಗ್ಲಿ ಬಿಡ್ಲಾ. ಎಲ್ಲಾರೂ ಪಳ್ಳಿಕೂಡ ಬಿಟ್ಟು ಊರಿಗ್ ಬಂದ್ರೆ ಇವ್ಳು ಊರು ಬಿಟ್ಟು ಪಳ್ಳಿಕೂಡಕ್ ಓಗ್ತಾಳೆ." ಆಮೇಲೆ ಉಪಾಧ್ಯಾಯಿನಿಗೆ, "ವಾತ್ಯಾರಮ್ಮ, ರಾತ್ರಿ ನಿನ್ ಮನೇಲಿ ಮನಗಿಸ್ಕೋ. ಇನ್ಮೇಲೆ ನನ್ ತಾವೇ ಇರ್ಲಿ, ಅವ್ರವ್ವಂಗೆ ನಾನ್ ಏಳ್ತೀನಿ."

"ನಿನ್ನ ನಿಜವಾದ ಹೆಸರೇನು?" ಎಂದು ಕೇಳಿದೆ.

"ಅಜ್ಜಿ ಎಸ್ರೇ. ಕೆಂಪಮ್ಮ."

ದಾರಿಯಲ್ಲಿ ಅವಳು ನನ್ನ ತೊಡೆಗೆ ಒರಗಿ ನಿದ್ದೆಹೋದಳು. ನನಗೆ ಮಕ್ಕಳನ್ನು ಎತ್ತಿ ಅಭ್ಯಾಸವಿಲ್ಲ. ಕಾಲು ಜೋಮು ಹಿಡಿದರೂ ಊರು ಬರುವವರೆಗೆ ಅಲುಗಾಡದೆ ಕೂತಿದ್ದೆ.

ಮರುದಿನ ಬೆಳಿಗ್ಗೆ ತಾರಮಂಗಲಂಗೆ ಹೊರಡುವ ಮೊದಲು ಶಾಲೆಗೆ ಹೋದೆ. ಉಪಾಧ್ಯಾಯಿನಿ ನನ್ನೆದುರಿಗೆ ಹಿಂದಿನ ದಿನದ ಐದನೇ ತರಗತಿಯ ಹಾಜರಿಯಲ್ಲಿ ಎಲ್ಲರಿಗೂ ಗೈರು ಎಂದು ಶಾಯಿಯಲ್ಲಿ ಬರೆದರು. ಶಾಯಿ ಆರಲು ಊದಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಆಮೇಲೆ ವರದಿಯಲ್ಲಿ ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆದು, ಐದನೇ ತರಗತಿ ಮುಂದುವರಿಯಬೇಕು, ರಜೆಯ ಕಾಲ ಬದಲಾಗಬೇಕು ಎಂದು ಮುಗಿಸಿದೆ. ಮರುಕದ ಮಾತು ಒಂದೂ ಇರಲಿಲ್ಲ. ಎರಡು ಸಲ ಓದಿ ನೋಡಿದೆ.

ತಲೆ ಎತ್ತಿದಾಗ ಖಾಲಿಯಾಗಿದ್ದ ಐದನೇ ತರಗತಿಯ ಮೊದಲ ಸಾಲಿನಲ್ಲಿ, ಮಾದಮ್ಮನ ಜಾಗದಲ್ಲಿ, ಕೆಂಪಮ್ಮ ಕೈಕಟ್ಟಿ ಕೂತಿದ್ದಳು. ಅವಳ ಕೈಹಿಡಿದು ಒಂದನೇ ತರಗತಿಯ ಚಾಪೆಗೆ ಕರೆತಂದು ಕೂರಿಸಿದೆ. ಅಲ್ಲಿನ ಹಾಜರಿಯ ಕೊನೆಯಲ್ಲಿ ಅವಳ ಹೆಸರು ಸೇರಿಸಿ, ಆ ದಿನ ನಾನೇ ಹಾಜರಿ ಕೂಗಿದೆ. ಅವಳ ಸರದಿ ಬಂದಾಗ ಯಾರೂ ಏಳಲಿಲ್ಲ. ಅವಳು ಬೇರೆ ಯಾರೋ ಏಳುತ್ತಾರೆಂದು ಸುತ್ತ ನೋಡುತ್ತಿದ್ದಳು. ನಾನು ಪೆನ್ನು ಹಿಡಿದು ಕಾದೆ. ಇನ್ನೊಮ್ಮೆ, ನಿಧಾನವಾಗಿ, "ಕೆಂಪಮ್ಮ" ಎಂದೆ.